ಬಿರುಗಾಳಿ ಮಳೆಯಲ್ಲಿ ಟಾರ್ಪಾಲು ಆಸರೆ

ಟಾರ್ಪಾಲು ಆಸರೆ ಎಂದರೆ ನೀರು ಸೋರದ ಹಾಳೆಯೊಂದನ್ನು ಹಗ್ಗ, ಗೂಟ, ಕಂಬ ಅಥವಾ ಮರಗಳ ನೆರವಿನಿಂದ ಬಿಗಿದು ಮಾಡುವ ತಾತ್ಕಾಲಿಕ ಸೂರು. ತಾಡಪತ್ರಿ, ತಾಡಪಾಲು ಎಂಬ ಹೆಸರುಗಳಿಂದಲೂ ಕರ್ನಾಟಕದಲ್ಲಿ ಪರಿಚಿತವಾದ ಈ ಹಾಳೆ ಕಣದಲ್ಲಿ ಧಾನ್ಯದ ರಾಶಿಯನ್ನೂ ಲಾರಿಯ ಮೇಲೆ ಸರಕನ್ನೂ ಕಾಯುತ್ತದೆ. ಚಾರಣಿಗರಿಗೆ, ಹಿಂಡಿನೊಂದಿಗೆ ಊರೂರು ಸಾಗುವ ಕುರಿಗಾಹಿಗಳಿಗೆ, ಕಬ್ಬು ಕಡಿಯುವ ತಂಡಗಳಿಗೆ, ಕಟ್ಟಡ ಕಾರ್ಮಿಕರಿಗೆ, ನೆರೆ ಮತ್ತು ಭೂಕುಸಿತದ ಸಂತ್ರಸ್ತರಿಗೆ ಅದೇ ಮನೆಯೂ ಆಗುತ್ತದೆ. ಸಾಧಾರಣ ಮಳೆಗೆ ಹೇಗೆ ಕಟ್ಟಿದರೂ ನಡೆದೀತು. ಬಿರುಗಾಳಿಯಲ್ಲಿ ಹಾಗಲ್ಲ. ಆಗ ಪ್ರಾಣ ಉಳಿಸುವುದು ಹಾಳೆಯ ಬೆಲೆಯಲ್ಲ. ಆರಿಸಿದ ನೆಲ, ತಗ್ಗಿಸಿದ ಎತ್ತರ, ಕದಲದ ಗೂಟ, ಮತ್ತು ಯಾವಾಗ ಬಿಟ್ಟು ಹೊರಡಬೇಕೆಂಬ ತಿಳಿವಳಿಕೆ.

ಹಾಳೆಯ ಬಗೆಗಳು

ಹಡಗಿನವರು ಡಾಂಬರು ಬಳಿದ ದಪ್ಪ ಬಟ್ಟೆಯನ್ನು ಸರಕಿನ ಮೇಲೆ ಹೊದಿಸುತ್ತಿದ್ದುದೇ ಟಾರ್ಪಾಲಿನ ಹಳೆಯ ರೂಪ. ಮಲೆನಾಡಿನಲ್ಲಿ ಬಿದಿರು ಮತ್ತು ಎಲೆಗಳ ಗೊರಬು, ಕಂಬಳಿಯ ಕೊಪ್ಪೆ ಮಳೆಯಿಂದ ಮೈ ಕಾಯುತ್ತಿದ್ದವು. ಪಾಲಿಥೀನ್ 1933ರಲ್ಲಿ ಇಂಗ್ಲೆಂಡಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಪ್ರಯೋಗಾಲಯದಲ್ಲಿ ರೂಪುಗೊಂಡಿತು. 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಕಡಿಮೆ ಒತ್ತಡದಲ್ಲೇ ಹೆಚ್ಚು ಸಾಂದ್ರತೆಯ ಪಾಲಿಥೀನ್ ತಯಾರಿಸುವ ದಾರಿ ಕಂಡುಕೊಂಡರು. ಇಂದು ಅಂಗಡಿಯಲ್ಲಿ ಸಿಗುವ ಬಹುಪಾಲು ಟಾರ್ಪಾಲುಗಳು ಈ ಗಟ್ಟಿ ಪಾಲಿಥೀನ್ ಪಟ್ಟಿಗಳನ್ನು ಬಟ್ಟೆಯಂತೆ ನೇಯ್ದು, ಎರಡೂ ಬದಿಗೆ ಮೆದು ಪಾಲಿಥೀನ್ ಲೇಪಿಸಿದವು.

ಚಾರಣಿಗರು ಸಿಲಿಕೋನ್ ಲೇಪಿತ ನೈಲಾನ್ ಅಥವಾ ಪಾಲಿಯೆಸ್ಟರ್ ಹಾಳೆಯನ್ನು ಇಷ್ಟಪಡುತ್ತಾರೆ, ಏಕೆಂದರೆ ಅದು ಹಗುರ. ನೈಲಾನ್ ನೆನೆದಾಗ ಹಿಗ್ಗುತ್ತದೆ. ಸಂಜೆ ಬಿಗಿಯಾಗಿದ್ದ ಮಾಡು ಮಳೆ ಬಿದ್ದ ಮೇಲೆ ಜೋತುಬೀಳುವುದಕ್ಕೆ ಇದೇ ಕಾರಣ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಪಾಲಿಥೀನ್ ಹಾಳೆಗೆ ಬಿಸಿಲೇ ಶತ್ರು. ಅತಿನೇರಳೆ ಕಿರಣಗಳು ಅದರ ಎಳೆಗಳನ್ನು ಪೆಡಸುಗೊಳಿಸುತ್ತವೆ. ಒಂದೆರಡು ಬೇಸಿಗೆ ಕಂಡ ಹಾಳೆ ನೋಡಲು ಚೆನ್ನಾಗಿದ್ದರೂ ಗಾಳಿಯ ಮೊದಲ ಹೊಡೆತಕ್ಕೇ ಹರಿಯಬಹುದು. ಮಳೆಗಾಲಕ್ಕೆ ಮುನ್ನ ಹಾಳೆಯ ಅಂಚನ್ನು ಮಡಚಿ ಉಜ್ಜಿ ನೋಡಬೇಕು. ಪುಡಿ ಉದುರಿದರೆ, ಎಳೆ ಬಿರುಕು ಬಿಟ್ಟಿದ್ದರೆ ಅದು ಆಸರೆಗೆ ಬಾರದು.

ಗಾಳಿಯ ಬಲ

ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಭಾರತದ ಕಟ್ಟಡ ಮಾನಕ ಐಎಸ್ 875ರ ಮೂರನೇ ಭಾಗದ ಸೂತ್ರದಂತೆ, ಸೆಕೆಂಡಿಗೆ ಮೀಟರಿನಲ್ಲಿ ಅಳೆದ ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಪ್ರತಿ ಚದರ ಮೀಟರಿನ ಮೇಲಿನ ಒತ್ತಡ ನ್ಯೂಟನ್‌ಗಳಲ್ಲಿ ಸಿಗುತ್ತದೆ. ಗಂಟೆಗೆ 36 ಕಿ.ಮೀ. ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 6 ಕಿಲೋ ತೂಕದಷ್ಟು ಒತ್ತುತ್ತದೆ, 72 ಕಿ.ಮೀ. ವೇಗದಲ್ಲಿ ಸುಮಾರು 24 ಕಿಲೋ; 108 ಕಿ.ಮೀ. ವೇಗದಲ್ಲಿ ಸುಮಾರು 55 ಕಿಲೋ. ಮೂರು ಮೀಟರ್ ಉದ್ದಗಲದ ಹಾಳೆ ಗಾಳಿಗೆ ಎದೆಯೊಡ್ಡಿ ನಿಂತರೆ 72 ಕಿ.ಮೀ. ವೇಗದಲ್ಲಿ ಅದರ ಮೇಲೆ ಬೀಳುವ ಬಲ 200 ಕಿಲೋ ದಾಟುತ್ತದೆ. ನಾಲ್ಕು ಸಣ್ಣ ಗೂಟಗಳು ತಡೆಯುವ ಹೊರೆ ಇದಲ್ಲ.

ಗಾಳಿ ತಳ್ಳುವುದಷ್ಟೇ ಅಲ್ಲ, ಮೇಲೆಯೂ ಎತ್ತುತ್ತದೆ. ಮಾಡಿನ ಮೇಲೆ ಹಾದುಹೋಗುವ ಗಾಳಿ ಹಾಳೆಯನ್ನು ಹೊರಕ್ಕೆ ಹೀರುತ್ತದೆ. ಗಾಳಿಗೆದುರಾದ ಬದಿ ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿಯೂ ಮೇಲಕ್ಕೆ ಒತ್ತುತ್ತದೆ. ಎರಡೂ ಬಲ ಒಂದೇ ದಿಕ್ಕಿನಲ್ಲಿ ಸೇರಿದಾಗ ಗೂಟಗಳು ಕೀಳುತ್ತವೆ, ಹಾಳೆ ಗಾಳಿಪಟದಂತೆ ಏಳುತ್ತದೆ. ಹಾಗಾಗಿ ಗಾಳಿ ಬರುವ ಬದಿಯನ್ನು ನೆಲಕ್ಕೆ ತಾಗಿಸಿ ಮುಚ್ಚುವುದು, ಬಾಗಿಲನ್ನು ಗಾಳಿಮರೆಯ ಬದಿಗೆ ಇಡುವುದು ಈ ವಿದ್ಯೆಯ ಮೊದಲ ಪಾಠ. ಸಡಿಲವಾಗಿ ಪಟಪಟನೆ ಬಡಿಯುವ ಹಾಳೆ ತನ್ನನ್ನೇ ಹರಿದುಕೊಳ್ಳುತ್ತದೆ. ಪ್ರತಿ ಬಡಿತವೂ ಗೂಟವನ್ನು ಅಲುಗಿಸಿ ಸುತ್ತಲ ಮಣ್ಣನ್ನು ಸಡಿಲಿಸುತ್ತದೆ.

ಕಾಲವರಿತು ಕಟ್ಟುವುದು

ಕರ್ನಾಟಕದಲ್ಲಿ ಬಿರುಗಾಳಿ ಮಳೆಗೆ ಋತುವಿಗೊಂದು ಸ್ವಭಾವ. ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ, ಅಂದರೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಬಯಲುಸೀಮೆಯ ಮೇಲೆ ಮಧ್ಯಾಹ್ನದ ನಂತರ ಗುಡುಗುಮೋಡ ಕಟ್ಟುತ್ತದೆ. ಮೋಡದಿಂದ ಕೆಳಕ್ಕೆ ಧುಮುಕುವ ತಣ್ಣನೆ ಗಾಳಿ ನೆಲಕ್ಕೆ ಬಡಿದು ಎಲ್ಲ ದಿಕ್ಕಿಗೂ ಹರಡುವುದರಿಂದ ಅದು ಯಾವ ಕಡೆಯಿಂದಲಾದರೂ ಬರಬಹುದು, ಅರ್ಧ ಗಂಟೆಯಲ್ಲೇ ದಿಕ್ಕು ಬದಲಿಸಬಹುದು. ಗಾಳಿಯ ವೇಗ ಥಟ್ಟನೆ ಗಂಟೆಗೆ 29 ಕಿ.ಮೀ.ನಷ್ಟಾದರೂ ಏರಿ, 40 ಕಿ.ಮೀ. ಮುಟ್ಟಿ, ಒಂದು ನಿಮಿಷವಾದರೂ ನಿಂತರೆ ಹವಾಮಾನ ಶಾಸ್ತ್ರ ಅದನ್ನು ಚಂಡಮಾರುತದಿಂದ ಬೇರೆಯಾದ ಹಠಾತ್ ಬಿರುಗಾಳಿಯೆಂದು ಗುರುತಿಸುತ್ತದೆ. ಈ ಋತುವಿನಲ್ಲಿ ಎಲ್ಲ ಬದಿಗೂ ಸಮನಾಗಿ ಬಿಗಿದ ತಗ್ಗು ಆಸರೆಯೇ ಕ್ಷೇಮ.

ಜೂನ್‌ನಿಂದ ಕರಾವಳಿ ಮತ್ತು ಮಲೆನಾಡಿನಲ್ಲಿ ಪಡುವಣ ಗಾಳಿ ದಿನಗಟ್ಟಲೆ ಬಹುತೇಕ ಒಂದೇ ದಿಕ್ಕಿನಿಂದ ಬೀಸುತ್ತದೆ. ಆಗ ಪಶ್ಚಿಮದ ಬದಿಯನ್ನು ನೆಲಕ್ಕೆ ಕಟ್ಟುವುದು ಸರಿ. ಆದರೆ ಕಣಿವೆ, ಕಣಿವೆದಾರಿ, ಗುಡ್ಡದ ನೆತ್ತಿಗಳಲ್ಲಿ ಗಾಳಿ ತಿರುಗುತ್ತದೆ. ಹುಲ್ಲು, ಎಲೆ, ಮಂಜು ಯಾವ ಕಡೆಗೆ ಸಾಗುತ್ತಿವೆ ಎಂದು ನೋಡಿಯೇ ನಿರ್ಧರಿಸಬೇಕು. ಹಿಂಗಾರಿನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ದಕ್ಷಿಣ ಒಳನಾಡಿಗೆ ಬಿಡದ ಮಳೆ ತರುತ್ತವೆ.

ಭಾರತೀಯ ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆಗಳಲ್ಲಿ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. 24 ಗಂಟೆಯಲ್ಲಿ 115.6 ಮಿ.ಮೀ. ದಾಟಿದರೆ ಅತಿ ಭಾರಿ ಮಳೆ, 204.5 ಮಿ.ಮೀ. ಮುಟ್ಟಿದರೆ ಅತ್ಯಂತ ಭಾರಿ ಮಳೆ. ಗಾಳಿ ಗಂಟೆಗೆ 62 ಕಿ.ಮೀ. ದಾಟಿದ ಸಮುದ್ರದ ಸುಳಿಯನ್ನು ಇಲಾಖೆ ಚಂಡಮಾರುತ ಎಂದು ಕರೆಯುತ್ತದೆ. ಕಿತ್ತಳೆ ಮತ್ತು ಕೆಂಪು ಎಚ್ಚರಿಕೆಯ ದಿನ ಟಾರ್ಪಾಲಿನಡಿ ಮಲಗುವ ಯೋಜನೆಯನ್ನು ಕೈಬಿಡಬೇಕು.

ಸ್ಥಳದ ಆಯ್ಕೆ

ಬಿರುಗಾಳಿಯ ಹೊತ್ತಿಗೆ ಸ್ಥಳದ ಆಯ್ಕೆ ಎಂದರೆ ಅಪಾಯಗಳನ್ನು ಒಂದೊಂದಾಗಿ ತಳ್ಳಿಹಾಕುವುದು. ಮೊದಲು ತಲೆಯ ಮೇಲೆ ನೋಡಬೇಕು: ಒಣಗಿದ ಮರ, ಮುರಿದು ಸಿಕ್ಕಿಕೊಂಡ ಕೊಂಬೆ, ತೆಂಗಿನ ಗೊನೆ ಮತ್ತು ಒಣ ಗರಿ, ವಿದ್ಯುತ್ ತಂತಿ. ನೀಲಗಿರಿ, ಸಿಲ್ವರ್ ಓಕ್, ಗುಲ್‌ಮೊಹರ್ ಮರಗಳ ಕೊಂಬೆಗಳು ಗಾಳಿಗೆ ಸುಲಭವಾಗಿ ಮುರಿಯುತ್ತವೆ. ವಿದ್ಯುತ್ ಕಂಬಕ್ಕೆ ಅಥವಾ ಅದರ ಆಧಾರತಂತಿಗೆ ಹಗ್ಗ ಕಟ್ಟುವುದು ಎಂದಿಗೂ ಕೂಡದು.

ನಂತರ ಕಾಲಡಿ. ಹಳ್ಳದ ಪಾತ್ರ, ನದಿಯ ಮರಳುದಿಣ್ಣೆ, ಒಣಗಿದ ತೊರೆ ಇವು ಸಮತಟ್ಟಾಗಿ ಕಾಣುತ್ತವೆ. ಮೇಲೆಲ್ಲೋ ಸುರಿದ ಮಳೆಗೆ ಇಲ್ಲಿ ಮೋಡವೇ ಇಲ್ಲದಾಗಲೂ ತುಂಬುತ್ತವೆ. ಜಲಾಶಯದ ಕೆಳಭಾಗದಲ್ಲಿ ಗೇಟು ತೆರೆದರೆ ನೀರು ಏರುತ್ತದೆ. ಕಸಕಡ್ಡಿ ಸಿಕ್ಕಿಕೊಂಡ ಪೊದೆಗಳ ಎತ್ತರ ನೋಡಿದರೆ ಹಿಂದಿನ ನೆರೆ ಎಲ್ಲಿಗೆ ಬಂದಿತ್ತೆಂಬುದು ತಿಳಿಯುತ್ತದೆ.

ಮೂರನೆಯದು ಬೆನ್ನಹಿಂದಿನ ಗುಡ್ಡ. ಮಣ್ಣು ಕಡಿದು ನೆಟ್ಟಗೆ ನಿಲ್ಲಿಸಿದ ಇಳಿಜಾರಿನ ಬುಡ ಗಾಳಿಗೆ ಮರೆಯಾಗಿ ಹಿತವೆನಿಸುತ್ತದೆ, ಮಳೆಗಾಲದಲ್ಲಿ ಅದೇ ಅತ್ಯಂತ ಅಪಾಯದ ಜಾಗ. 2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದಾಗ ಬುಡದಲ್ಲಿದ್ದ ಚಹಾ ಅಂಗಡಿ, ಅಲ್ಲಿದ್ದ ಜನ, ನಿಂತಿದ್ದ ವಾಹನಗಳು ಮಣ್ಣಿನೊಂದಿಗೆ ಕೊಚ್ಚಿಹೋದವು. ಗುಡ್ಡದ ಮೇಲೆ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಒರತೆ ನೀರು ಕಂಡರೆ ಆ ಜಾಗವನ್ನು ತಕ್ಷಣ ಬಿಡಬೇಕು. ಗುಡ್ಡದ ನೆತ್ತಿಯೂ ಸಲ್ಲದು. ಅಲ್ಲಿ ಗಾಳಿಯೂ ಹೆಚ್ಚು, ಸಿಡಿಲೂ ಹತ್ತಿರ. ನೆತ್ತಿಗಿಂತ ಸಾಕಷ್ಟು ಕೆಳಗೆ, ತೊರೆಗಿಂತ ಸಾಕಷ್ಟು ಮೇಲೆ, ಕುರುಚಲು ಗಿಡಗಳ ಮರೆಯಲ್ಲಿ ತುಸು ಇಳಿಜಾರಿರುವ ನೆಲವೇ ಒಳ್ಳೆಯದು. ಕಾಡಿನಲ್ಲಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಆಕಾರಗಳು

ಒಂಟಿ ಇಳಿಜಾರು: ಒಂದು ಅಂಚು ನೆಲದಲ್ಲಿ, ಎದುರು ಅಂಚು ಕಂಬಗಳ ಮೇಲೆ. ಕಟ್ಟಲು ಸುಲಭ. ಗಾಳಿ ದಿಕ್ಕು ಬದಲಿಸಿ ತೆರೆದ ಬದಿಯಿಂದ ನುಗ್ಗಿದರೆ ನಿಲ್ಲುವುದಿಲ್ಲ. ಬೇಸಿಗೆಯ ಗುಡುಗುಮಳೆಗೆ ಇದು ತಕ್ಕುದಲ್ಲ.

ಎರಡು ಇಳಿಜಾರು: ನಡುವೆ ಬಿಗಿದ ಹಗ್ಗದ ಇಕ್ಕೆಲಕ್ಕೂ ಹಾಳೆ ಇಳಿಬಿಟ್ಟು ಎರಡೂ ಅಂಚನ್ನು ನೆಲಕ್ಕೆ ಹೊಡೆದದ್ದು. ನಡುಹಗ್ಗವನ್ನು ಸೊಂಟಕ್ಕಿಂತ ಮೇಲೇರಿಸದೆ, ಇಳಿಜಾರನ್ನು 45 ಡಿಗ್ರಿಯಷ್ಟು ಕಡಿದಾಗಿಸಿದರೆ ಮಳೆ ಸರ್ರನೆ ಜಾರುತ್ತದೆ. ಇದರ ಚೂಪು ತುದಿಯನ್ನು ಗಾಳಿಯ ಕಡೆಗೆ ತಿರುಗಿಸಿ, ಆ ಬಾಯಿಯನ್ನು ಹಾಳೆಯ ತುದಿಯಿಂದಲೇ ಮುಚ್ಚಬೇಕು.

ಮೂಲೆ ಮಾಡು: ಚೌಕ ಹಾಳೆಯ ಒಂದು ಮೂಲೆಯನ್ನು ಮರಕ್ಕೋ ಕಂಬಕ್ಕೋ ಎತ್ತಿ ಕಟ್ಟಿ, ಎದುರು ಮೂಲೆಯನ್ನು ಗಾಳಿ ಬರುವ ಕಡೆ ನೆಲಕ್ಕೆ ಹೊಡೆದು, ಉಳಿದೆರಡು ಮೂಲೆಗಳನ್ನೂ ನೆಲಕ್ಕೆ ಬಿಗಿಯುವುದು. ಬರೀ ಮೂರು ಗೂಟ, ಒಂದು ಹಗ್ಗ ಸಾಕು. ಗಾಳಿಯನ್ನು ಎರಡು ಕಡೆಗೆ ಸೀಳುತ್ತದೆ. ಒಬ್ಬಿಬ್ಬರಿಗೆ, ಅವಸರದ ಹೊತ್ತಿಗೆ ಇದಕ್ಕಿಂತ ನಂಬಿಗಸ್ತ ಆಕಾರ ಕಡಿಮೆ.

ಮನೆಯಂತೆ ಎತ್ತರದ ಚಪ್ಪಟೆ ಚಪ್ಪರ ಬಿಸಿಲಿಗೆ ಸರಿ, ಬಿರುಗಾಳಿಗೆ ಎಲ್ಲಕ್ಕಿಂತ ಕೆಟ್ಟದ್ದು. ಗಾಳಿ ಅದನ್ನು ಕೆಳಗಿನಿಂದ ಎತ್ತುತ್ತದೆ, ಮಳೆ ಮೇಲಿನಿಂದ ತುಂಬುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ಒಂಬತ್ತು ಚದರ ಮೀಟರಿನ ಚಪ್ಪರದ ಮೇಲೆ 10 ಮಿ.ಮೀ. ಮಳೆ ಜಾರದೆ ನಿಂತರೆ 90 ಕಿಲೋ ಭಾರ ಮಲಗಿದವರ ತಲೆಯ ಮೇಲೆ ತೂಗುತ್ತದೆ.

ಹಗ್ಗ, ಗಂಟು, ಗೂಟ

ಹೆಚ್ಚಿನ ಆಸರೆಗಳು ಸೋಲುವುದು ಹಾಳೆಯ ನಡುವೆ ಅಲ್ಲ, ಹಾಳೆಗೆ ಹಗ್ಗ ಸೇರುವಲ್ಲಿ ಮತ್ತು ಹಗ್ಗ ನೆಲಕ್ಕೆ ಸೇರುವಲ್ಲಿ. ಅಗ್ಗದ ಹಾಳೆಯ ಲೋಹದ ಕಣ್ಣುಗಳು ಗಾಳಿಗೆ ಕಿತ್ತುಬರುತ್ತವೆ. ಉರುಟಾದ ಸಣ್ಣ ಕಲ್ಲನ್ನು ಹಾಳೆಯ ಒಳಗಿಟ್ಟು, ಬಟ್ಟೆಯನ್ನು ಅದರ ಸುತ್ತ ಮುದುಡಿ, ಕಲ್ಲಿನ ಕುತ್ತಿಗೆಗೆ ಹಗ್ಗ ಬಿಗಿದರೆ ಎಳೆತ ಅಗಲ ಜಾಗಕ್ಕೆ ಹಂಚಿಹೋಗುತ್ತದೆ. ಕಣ್ಣು ಹರಿದ ಹಾಳೆಗೂ ಈ ಉಪಾಯ ಒಗ್ಗುತ್ತದೆ.

ಸೆಣಬು ಮತ್ತು ಹತ್ತಿಯ ಹಗ್ಗಗಳು ನೆನೆದಾಗ ಉದ್ದದಲ್ಲಿ ಕುಗ್ಗುತ್ತವೆ. ಒಣಗಿದ್ದಾಗಲೇ ತೀರ ಬಿಗಿದರೆ ಮಳೆ ಬಂದಾಗ ಗೂಟ ಕೀಳುತ್ತವೆ. ನೈಲಾನ್ ಹಗ್ಗ ಹಿಗ್ಗುತ್ತದೆ, ಅದನ್ನು ಮತ್ತೆ ಎಳೆದು ಬಿಗಿಯಬೇಕು. ನಡುಹಗ್ಗವನ್ನು ವೀಣೆಯ ತಂತಿಯಷ್ಟು ನೆಟ್ಟಗೆ ಬಿಗಿಯುವುದೂ ತಪ್ಪು. ಹಗ್ಗ ಐದೇ ಡಿಗ್ರಿ ಬಾಗಿದ್ದರೆ ಅದರ ನಡುವೆ ಬಿದ್ದ 10 ಕಿಲೋ ಭಾರ ಎರಡೂ ತುದಿಗಳನ್ನು ತಲಾ 57 ಕಿಲೋ ಬಲದಿಂದ ಎಳೆಯುತ್ತದೆ. 30 ಡಿಗ್ರಿ ಬಾಗಿದ್ದರೆ ಬರೀ 10 ಕಿಲೋ.

ಗಂಟುಗಳಲ್ಲಿ ಮೂರು ಬಗೆ ಸಾಕು. ಮರಕ್ಕೆ ಅಥವಾ ಕಂಬಕ್ಕೆ ಬಿಗಿಯಾಗದ, ಜಾರದ ಕುಣಿಕೆಯೊಂದು. ಎಳೆದಾಗ ಕಚ್ಚಿಕೊಂಡು, ಕೈಯಿಂದ ಸರಿಸಿದಾಗ ಸರಿಯುವ ಹೊಂದಿಕೆಯ ಗಂಟೊಂದು. ಲಾರಿಯವರು ಸರಕಿನ ಮೇಲೆ ಟಾರ್ಪಾಲು ಬಿಗಿಯಲು ಹಾಕುವ ಎಳೆಗಂಟೊಂದು. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ ಅವರ ಹೆಸರಿನ, 1931ರಿಂದ ಪ್ರಚಾರಕ್ಕೆ ಬಂದ ಸುತ್ತುಗಂಟು ನಡುಹಗ್ಗದ ಮೇಲೆ ಹಾಳೆಯನ್ನು ಹಿಡಿದು ನಿಲ್ಲಿಸಲು ಅನುಕೂಲ. ಯಾವ ಗಂಟಾದರೂ ಕತ್ತಲಲ್ಲಿ, ನೆನೆದ ಹಗ್ಗದಲ್ಲಿ, ಮರಗಟ್ಟಿದ ಬೆರಳಿನಿಂದ ಬಿಚ್ಚಲು ಬರುವಂತಿರಬೇಕು.

ಎಳೆಹಗ್ಗ ನೆಲದೊಂದಿಗೆ ಮಾಡುವ ಕೋನ ಕಿರಿದಾದಷ್ಟೂ ಗೂಟ ಗಟ್ಟಿ. ಕೋನ 60 ಡಿಗ್ರಿ ಇದ್ದರೆ ಗೂಟವನ್ನು ಮೇಲೆಳೆಯುವ ಬಲ ಅಡ್ಡ ಎಳೆತದ ಸುಮಾರು 1.7 ಪಟ್ಟು, 45 ಡಿಗ್ರಿಯಲ್ಲಿ ಎರಡೂ ಸಮ, 30 ಡಿಗ್ರಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು. ಕಂಬದ ಎತ್ತರದಷ್ಟಾದರೂ ದೂರ, ಸಾಧ್ಯವಾದರೆ ಅದರ ಒಂದೂವರೆ ಪಟ್ಟು ದೂರ ಗೂಟ ಹೊಡೆಯಬೇಕು. ಗೂಟದ ತಲೆ ಆಸರೆಯಿಂದ ಆಚೆಗೆ ವಾಲಿರಲಿ, ಹಗ್ಗ ನೆಲಮಟ್ಟದಲ್ಲೇ ಅದಕ್ಕೆ ಸಿಕ್ಕಲಿ.

ನೆಲಕ್ಕೆ ತಕ್ಕ ಗೂಟ ಬೇಕು. ಎರೆಮಣ್ಣು ಒಣಗಿದಾಗ ಗೂಟವನ್ನು ಕಚ್ಚಿ ಹಿಡಿಯುತ್ತದೆ, ನೆನೆದಾಗ ಬೆಣ್ಣೆಯಾಗುತ್ತದೆ. ಅಲ್ಲಿ ಉದ್ದನೆಯ ಗೂಟ, ಒಂದರ ಹಿಂದೊಂದು ಎರಡು ಹೊಡೆದು ಹಗ್ಗದಿಂದ ಜೋಡಿಸಬೇಕು. ಕರಾವಳಿಯ ಮುರಕಲ್ಲಿನ ನೆಲದಲ್ಲಿ ಗೂಟ ಇಳಿಯುವುದೇ ಇಲ್ಲ. ದೊಡ್ಡ ಕಲ್ಲುಗಳಿಗೆ ಹಗ್ಗ ಸುತ್ತಿ, ಮೇಲೆ ಇನ್ನಷ್ಟು ಕಲ್ಲು ಹೇರಬೇಕು. ಮರಳಿನಲ್ಲಿ ಮರಳು ತುಂಬಿದ ಚೀಲವನ್ನೋ ಅಡ್ಡಮರವನ್ನೋ ಮೊಣಕಾಲುದ್ದ ಹೂತು ಅದಕ್ಕೆ ಹಗ್ಗ ಕಟ್ಟುವುದೇ ದಾರಿ.

ಕಟ್ಟುವ ಮತ್ತು ಬಿಚ್ಚುವ ಕ್ರಮ

ಗಾಳಿ ಬೀಸುತ್ತಿರುವಾಗ ಹಾಳೆಯನ್ನು ಪೂರ್ತಿ ಬಿಡಿಸಬಾರದು. ಸುರುಳಿ ಸುತ್ತಿದ ಹಾಳೆಯನ್ನು ಗಾಳಿಗೆದುರು ಬದಿಯಲ್ಲಿಟ್ಟು, ಮೊದಲು ಆ ಅಂಚಿನ ಗೂಟಗಳನ್ನೆಲ್ಲ ಹೊಡೆಯಬೇಕು. ಬಳಿಕ ಗಾಳಿ ಸಾಗುವ ಕಡೆಗೆ ಹಾಳೆಯನ್ನು ಮೆಲ್ಲಗೆ ಬಿಡಿಸಿ, ಕಂಬ ಏರಿಸಿ, ಗಾಳಿಮರೆಯ ಗೂಟಗಳನ್ನು ಕೊನೆಗೆ ಹೊಡೆದು ಬಿಗಿಯಬೇಕು. ಬಿಚ್ಚುವಾಗ ಇದೇ ಕ್ರಮ ತಿರುವುಮುರುವು. ಗಾಳಿಗೆದುರು ಅಂಚು ಕೊನೆಯವರೆಗೂ ನೆಲ ಬಿಡಬಾರದು. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳುವವರು ಬೆರಳು ಕಳೆದುಕೊಂಡಾರು. ರಾತ್ರಿ ಎಡವದಂತೆ ಎಳೆಹಗ್ಗಗಳಿಗೆ ಬಿಳಿ ಬಟ್ಟೆಯ ಚೂರು ಕಟ್ಟಬೇಕು. ಮಳೆ ಶುರುವಾದ ಮೇಲೆ ಒಮ್ಮೆ, ಮಲಗುವ ಮುನ್ನ ಒಮ್ಮೆ ಎಲ್ಲ ಹಗ್ಗಗಳನ್ನೂ ಮುಟ್ಟಿ ನೋಡಿ ಬಿಗಿಮಾಡುವುದು ಕಡ್ಡಾಯ.

ಹಗ್ಗದ ಮೇಲೆ ಹರಿದು ಒಳಬರುವ ನೀರನ್ನು ತಡೆಯಲು ಹಾಳೆಯ ಅಂಚಿಗಿಂತ ಹೊರಗೆ ಹಗ್ಗಕ್ಕೊಂದು ದಾರ ಕಟ್ಟಿ ಇಳಿಬಿಟ್ಟರೆ ನೀರು ಅದರ ಗುಂಟ ತೊಟ್ಟಿಕ್ಕುತ್ತದೆ. ನೆಲಕ್ಕೆ ಹಾಸಿದ ಹಾಳೆಯ ಅಂಚು ಮಾಡಿನ ಹೊರಗೆ ಚಾಚಿರಬಾರದು. ಚಾಚಿದರೆ ಮಳೆನೀರನ್ನು ಅದೇ ಒಳಕ್ಕೆ ತರುತ್ತದೆ.

ಸಿಡಿಲು

ಟಾರ್ಪಾಲು ಆಸರೆ ಸಿಡಿಲಿನಿಂದ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಭಾರತದಲ್ಲಿ ಪ್ರತಿವರ್ಷ 2,000ಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ. ಹೊಲದಲ್ಲಿ ದುಡಿಯುವವರು, ಕುರಿದನ ಕಾಯುವವರು, ಮರದಡಿ ನಿಂತವರು ಅವರಲ್ಲಿ ಬಹಳ. ಮರಕ್ಕೆ ಬಡಿದ ಸಿಡಿಲು ಪಕ್ಕದವರಿಗೆ ಹಾರುತ್ತದೆ, ಬೇರಿನ ಸುತ್ತ ನೆಲದಲ್ಲಿ ಹರಿದು ಕಾಲುಗಳ ಮೂಲಕ ಮೈಗೆ ಹತ್ತುತ್ತದೆ. ಮರಕ್ಕೆ ಕಟ್ಟಿದ ಒದ್ದೆ ಹಗ್ಗ, ಲೋಹದ ಕಂಬ ಅದಕ್ಕೆ ದಾರಿ. ಮಲಗುವ ಚಾಪೆ ಅದನ್ನು ತಡೆಯದು.

ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 30 ಸೆಕೆಂಡಿಗಿಂತ ಕಡಿಮೆಯಿದ್ದರೆ, ಅಂದರೆ ಸುಮಾರು ಹತ್ತು ಕಿ.ಮೀ. ಒಳಗಿದ್ದರೆ, ಪಕ್ಕಾ ಕಟ್ಟಡಕ್ಕೆ ಅಥವಾ ಲೋಹದ ಮೇಲ್ಛಾವಣಿಯ ಮುಚ್ಚಿದ ವಾಹನಕ್ಕೆ ಸೇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಬರಬಾರದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಮತ್ತು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಮುಂಚಿತವಾಗಿ ಎಚ್ಚರಿಸುತ್ತವೆ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಮುಟ್ಟಲು ಹೆದರದೆ, ಉಸಿರು ನಿಂತಿದ್ದರೆ ಕೂಡಲೇ ಎದೆಯೊತ್ತಿ ಉಸಿರಾಟ ಮರಳಿಸಲು ಯತ್ನಿಸಬೇಕು, 108 ಅಥವಾ 112ಕ್ಕೆ ಕರೆಮಾಡಬೇಕು.

ಒಳಗಿನ ಅಪಾಯಗಳು

ಪಾಲಿಥೀನ್ ನೂರಹತ್ತು, ನೂರಮೂವತ್ತು ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ, ಹೊತ್ತಿದರೆ ಉರಿಯುವ ಹನಿಗಳಾಗಿ ಮೈಮೇಲೆ ಬೀಳುತ್ತದೆ. ಗಾಳಿಗೆ ಹೆದರಿ ಎಲ್ಲ ಬದಿ ಮುಚ್ಚಿದ ಆಸರೆಯೊಳಗೆ ಒಲೆ ಅಥವಾ ಇದ್ದಿಲಿನ ಕೆಂಡ ಇಟ್ಟರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಅಡುಗೆ ಹೊರಗೇ ಆಗಬೇಕು. ಒದ್ದೆ ಬಟ್ಟೆಯಲ್ಲಿ ಗಾಳಿಗೆ ಕುಳಿತರೆ ಮಲೆನಾಡಿನ ಮಳೆಗಾಲದ ಚಳಿಯಲ್ಲೂ ದೇಹದ ಶಾಖ 35 ಡಿಗ್ರಿಗಿಂತ ಇಳಿಯಬಹುದು. ತಡೆಯಲಾಗದ ನಡುಕ, ತೊದಲು, ಮಂಕು ಅದರ ಗುರುತು. ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಲಗುವ ಹೊತ್ತಿಗೇ ಮೀಸಲಿಡಬೇಕು, ನೆಲದ ಮೇಲೆ ದಪ್ಪನೆಯ ಹಾಸು ಇರಬೇಕು. ಹಾವು, ಚೇಳುಗಳೂ ಮಳೆಗೆ ಒಣ ಜಾಗ ಹುಡುಕಿ ಬರುತ್ತವೆ.

ವಿಪತ್ತಿನ ಕಾಲದಲ್ಲಿ

ಅಂತರರಾಷ್ಟ್ರೀಯ ರೆಡ್ ಕ್ರಾಸ್ ಹಂಚುವ ಪರಿಹಾರ ಟಾರ್ಪಾಲಿನ ಅಳತೆ 4 ಮೀಟರ್ ಅಗಲ, 6 ಮೀಟರ್ ಉದ್ದ. ಅದರಲ್ಲಿ ಎಳೆತ ತಡೆಯಲು ಬಲಪಡಿಸಿದ ಪಟ್ಟಿಗಳಿರುತ್ತವೆ. ಕಟ್ಟುವುದೂ ಮೊಳೆ ಹೊಡೆಯುವುದೂ ಆ ಪಟ್ಟಿಗಳ ಮೇಲೇ. ಮೊಳೆಯ ತಲೆ ಹಾಳೆಯನ್ನು ಸೀಳದಂತೆ ಅದರಡಿ ಮರದ ರೀಪು ಅಥವಾ ದಪ್ಪ ರಬ್ಬರ್ ಬಿಲ್ಲೆ ಇಡುತ್ತಾರೆ. ಪರಿಹಾರ ಕಾರ್ಯದ ಅಂತರರಾಷ್ಟ್ರೀಯ ‘ಸ್ಫಿಯರ್’ ಮಾನದಂಡ ಪ್ರತಿ ವ್ಯಕ್ತಿಗೆ ಕನಿಷ್ಠ 3.5 ಚದರ ಮೀಟರ್ ಸೂರು ಬೇಕೆನ್ನುತ್ತದೆ. ಒಂದು ಪರಿಹಾರ ಹಾಳೆ 24 ಚದರ ಮೀಟರ್. ಅದನ್ನು ಕಡಿದಾದ ಇಳಿಜಾರಿನಲ್ಲಿ ಕಟ್ಟಿದಾಗ ಒಳಗಿನ ನೆಲ ಅದಕ್ಕಿಂತ ಬಹಳ ಕಡಿಮೆ. ಐದು ಜನರ ಕುಟುಂಬಕ್ಕೆ ಒಂದೇ ಹಾಳೆ ಸಾಲದೆಂಬುದು ಈ ಲೆಕ್ಕದಲ್ಲೇ ಇದೆ. ಹಾಳೆಯ ಜೊತೆ ಹಗ್ಗ, ಗೂಟ, ಕಟ್ಟುವ ತಿಳಿವಳಿಕೆ ಇವನ್ನೂ ಹಂಚಿದಾಗಲೇ ಪರಿಹಾರ ಪೂರ್ತಿಯಾಗುತ್ತದೆ.

ಮಿತಿ ಮತ್ತು ಹೊಣೆ

ಐಎಸ್ 875ರ ಪ್ರಕಾರ ಕಟ್ಟಡ ವಿನ್ಯಾಸಕ್ಕೆ ಹಿಡಿಯುವ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಗಂಟೆಗೆ ಸುಮಾರು 119 ಮತ್ತು 140 ಕಿ.ಮೀ. ಅಂಥ ಗಾಳಿಯನ್ನು ತಡೆಯುವ ಟಾರ್ಪಾಲು ಆಸರೆ ಇಲ್ಲ. ನಡೆಯಲು ಕಷ್ಟವಾಗುವಷ್ಟು ಗಾಳಿ, ಒಂದು ಗೂಟ ಕಿತ್ತದ್ದು, ಹತ್ತಿರವಾಗುತ್ತಿರುವ ಗುಡುಗು, ಕಾಲಡಿ ಹರಿಯತೊಡಗಿದ ನೀರು: ಇವುಗಳಲ್ಲಿ ಯಾವುದು ಕಂಡರೂ ಸಾಮಾನು ಬಿಟ್ಟು ಜನ ಹೊರಡಬೇಕು. ಎಲ್ಲಿಗೆ, ಯಾವ ದಾರಿಯಲ್ಲಿ ಎಂಬುದನ್ನು ಬೆಳಕಿರುವಾಗಲೇ ನೋಡಿಟ್ಟುಕೊಳ್ಳಬೇಕು. ಜಿಲ್ಲಾ ವಿಪತ್ತು ಸಹಾಯವಾಣಿ 1077.

ಚಾರಣಿಗ ಒಂದು ರಾತ್ರಿಯ ಯೋಜನೆ ಬದಲಿಸಬಲ್ಲ. ವರ್ಷಗಟ್ಟಲೆ ನೀಲಿ ಹಾಳೆಯಡಿ ಬದುಕುವ ಕಟ್ಟಡ ಕಾರ್ಮಿಕರಿಗೆ, ಕಬ್ಬು ಕಡಿಯುವವರಿಗೆ ಆ ಆಯ್ಕೆ ಇಲ್ಲ. ಕಟ್ಟಡ ಕಾರ್ಮಿಕರಿಗೆ ಮಾಲೀಕರು ಉಚಿತವಾಗಿ ತಾತ್ಕಾಲಿಕ ವಸತಿ ಕೊಡಬೇಕೆಂದು 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆಯ 34ನೇ ಕಲಮು ವಿಧಿಸಿತು. ಗಟ್ಟಿಯಾಗಿ ಕಟ್ಟುವ ಕ್ರಮ ಕಲಿಸುವುದು ಅವರಿಗೆ ತಕ್ಷಣದ ನೆರವು. ಬಿರುಗಾಳಿಯ ಮುನ್ಸೂಚನೆ ಬಂದ ದಿನ ಹತ್ತಿರದ ಶಾಲೆ, ಸಮುದಾಯ ಭವನ ಅಥವಾ ಕಟ್ಟುತ್ತಿರುವ ಕಟ್ಟಡದ ಭದ್ರವಾದ ಕೆಳ ಅಂತಸ್ತನ್ನು ಸಂಜೆಗೆ ಮೊದಲೇ ಅವರಿಗೆ ತೆರೆದುಕೊಡುವುದು ಸ್ಥಳೀಯ ಆಡಳಿತದ, ಕೆಲಸ ಕೊಟ್ಟವರ ಕರ್ತವ್ಯ.